ಚಾರ್ಜಿಂಗ್ ಕೇಂದ್ರವನ್ನು ಯಾರೂ ತೆರೆಯಬಹುದು. ತಂತಿಯನ್ನು ಯಾರು ಮುಟ್ಟಬೇಕು?

(ಗಜೇಂದ್ರಗಡದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಊರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೀವು ದಿನವೂ ಕಾಣುತ್ತೀರಿ. ಗುಡ್ಡದ ಕೆಳಗಿನ ರಸ್ತೆಗಳಲ್ಲಿ ವಿದ್ಯುತ್ ಸ್ಕೂಟರುಗಳು ಓಡಾಡತೊಡಗಿವೆ. ಮೇಲೆ ಹುಟ್ಟುವ ವಿದ್ಯುತ್ತನ್ನೂ ಕೆಳಗೆ ಓಡುವ ವಾಹನವನ್ನೂ ಬೆಸೆಯುವ ಕೊಂಡಿಯೇ ಚಾರ್ಜಿಂಗ್ ಕೇಂದ್ರ. ಹೊಗೆ ಕಡಿಮೆಯಾಗಬೇಕೆಂದು ಬಯಸುವವರೆಲ್ಲರೂ ಅದನ್ನು ಸ್ವಾಗತಿಸುತ್ತಾರೆ, ನಾನೂ ಸ್ವಾಗತಿಸುತ್ತೇನೆ. ಆದರೆ ಆ ಕೊಂಡಿಯನ್ನು ಬೆಸೆಯುವ ಕೈ ಯಾರದು, ಅದು ಸಡಿಲಗೊಂಡ ದಿನ ಬಂದು ನೋಡುವವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಂದ್ರ ಬರುವ ಮೊದಲೇ ಕೇಳಿಕೊಳ್ಳಬೇಕು.

ಇಲ್ಲಿ ಮೂರು ಬಗೆಯ ಅನುಮತಿಗಳು ಒಂದರೊಳಗೊಂದು ಬೆರೆತು ಗೊಂದಲ ಉಂಟಾಗುತ್ತಿದೆ. ಅವನ್ನು ಬಿಡಿಸಿ ನೋಡೋಣ.

ಮೊದಲನೆಯದು ವ್ಯವಹಾರದ ಅನುಮತಿ. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ಒಂದು ಸೇವೆಯೇ ಹೊರತು ವಿದ್ಯುತ್ತಿನ ಮಾರಾಟವಲ್ಲ, ಅದಕ್ಕೆ 2003ರ ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊರಬಂದ ಮಾರ್ಗಸೂಚಿಯೂ ಯಾವ ವ್ಯಕ್ತಿಯಾದರೂ, ಸಂಸ್ಥೆಯಾದರೂ ಸಾರ್ವಜನಿಕ ಚಾರ್ಜಿಂಗ್ ಕೇಂದ್ರವನ್ನು ತೆರೆಯಬಹುದೆಂದು ಹೇಳಿತು. ಎಂದರೆ ಒಬ್ಬ ಅಂಗಡಿಕಾರ, ಒಂದು ಖಾನಾವಳಿ, ಒಂದು ಸಹಕಾರಿ ಸಂಘ, ಯಾರೂ ಇದನ್ನು ಆರಂಭಿಸಬಹುದು.

ಎರಡನೆಯದು ವಿದ್ಯುತ್ ಸರಬರಾಜಿನ ವ್ಯಾಪ್ತಿ. 1999ರಲ್ಲಿ ವಿದ್ಯುತ್ ಮಂಡಳಿಯು ಕೆ.ಪಿ.ಟಿ.ಸಿ.ಎಲ್. ಆಗಿ ಮಾರ್ಪಟ್ಟು, 2002ರಲ್ಲಿ ವಿತರಣೆಯು ಬೇರೆ ಬೇರೆ ಕಂಪನಿಗಳ ಪಾಲಾದಾಗ ಗದಗ ಜಿಲ್ಲೆಯು ಹುಬ್ಬಳ್ಳಿಯ ಹೆಸ್ಕಾಂಗೆ ಸೇರಿತು. ಧಾರವಾಡ, ಬೆಳಗಾವಿ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿವೆ. ಮೀಟರ್ ಕೊಡುವವರು, ಪರಿವರ್ತಕದಲ್ಲಿ ಶಕ್ತಿ ಉಳಿದಿದೆಯೇ ಎಂದು ನೋಡುವವರು ಇವರೇ. ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರ ವರ್ಗವನ್ನು ವಿದ್ಯುತ್ ನಿಯಂತ್ರಣ ಆಯೋಗವು ಗೊತ್ತುಪಡಿಸಿದೆ.

ಮೂರನೆಯದು ಕೆಲಸದ ಅನುಮತಿ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಾಯಿಸುವಂತಹ ಸಣ್ಣ ಕೆಲಸಗಳನ್ನು ಬಿಟ್ಟರೆ ಉಳಿದ ವಿದ್ಯುತ್ ಕಾಮಗಾರಿಯನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕರ ಕಣ್ಣೆದುರಿನಲ್ಲಿಯೇ ಮಾಡಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಕಟ್ಟಳೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೂ, ಅದರ ಸ್ಥಾನಕ್ಕೆ ಬಂದ 2023ರ ನಿಯಮಾವಳಿಯೂ ಉಳಿಸಿಕೊಂಡಿವೆ. ಕರ್ನಾಟಕದಲ್ಲಿ ಗುತ್ತಿಗೆದಾರರ ಪರವಾನಗಿಯನ್ನೂ ಮೇಲ್ವಿಚಾರಕರ ಮತ್ತು ವೈರ್‌ಮನ್‌ಗಳ ಪರವಾನಗಿಯನ್ನೂ ನೀಡುವುದು ವಿದ್ಯುತ್ ಪರಿವೀಕ್ಷಣಾಲಯ. ವ್ಯವಹಾರಕ್ಕೆ ಸಿಕ್ಕ ಬಿಡುಗಡೆಯು ತಂತಿಯ ಕೆಲಸಕ್ಕೆ ಸಿಕ್ಕಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ನೀವು ಕೇಳಬಹುದು. ರೈತರಿಗೆ ಅರ್ಥವಾಗುವ ಲೆಕ್ಕ ಹೇಳುತ್ತೇನೆ. ಕಾರಿಗೆ ನಿಧಾನವಾಗಿ ಚಾರ್ಜ್ ಮಾಡುವ 7.4 ಕಿಲೋವ್ಯಾಟ್ ಯಂತ್ರವು ಹತ್ತು ಎಚ್.ಪಿ. ಪಂಪ್‌ಸೆಟ್ಟಿಗೆ ಸಮ. ಬೇಗ ಚಾರ್ಜ್ ಮಾಡುವ 50 ಕಿಲೋವ್ಯಾಟ್ ಯಂತ್ರವೆಂದರೆ ಅಂತಹ ಆರೇಳು ಪಂಪ್‌ಸೆಟ್ಟುಗಳು ಒಂದೇ ಕಂಬದಡಿ ಒಟ್ಟಿಗೆ ಓಡಿದಂತೆ. ನಮ್ಮ ಹಳ್ಳಿಗಳಲ್ಲಿ ಕಾಣುವ 25 ಕೆ.ವಿ.ಎ. ಪರಿವರ್ತಕವು ಇದನ್ನು ಹೊರಲಾರದು. ಅಲ್ಲದೆ ಪಂಪ್‌ಸೆಟ್ಟನ್ನು ಮುಟ್ಟುವವನು ಅದರ ಯಜಮಾನನೊಬ್ಬನೇ. ಚಾರ್ಜಿಂಗ್ ಕೇಂದ್ರದ ಕೇಬಲನ್ನು ಮಳೆಯಲ್ಲಿ ನೆನೆದ ಕೈಯಿಂದ ಹಿಡಿಯುವವರು ಊರಿಗೆ ಹೊಸಬರು, ಅವಸರದಲ್ಲಿರುವ ಪ್ರಯಾಣಿಕರು, ಕಾಲೇಜಿನ ಹುಡುಗಿಯರು.

ಆದ್ದರಿಂದಲೇ 2019ರ ತಿದ್ದುಪಡಿಯ ಮೂಲಕ ಸುರಕ್ಷತಾ ನಿಯಮಾವಳಿಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ನಿಯಮಗಳು ಸೇರಿದವು. ಸಾಕೆಟ್ಟು ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು. ಎಕ್ಸ್‌ಟೆನ್ಷನ್ ವೈರು ಎಳೆದು ವಾಹನಕ್ಕೆ ಕೊಡುವಂತಿಲ್ಲ. ವಿದ್ಯುತ್ತು ದಾರಿ ತಪ್ಪಿ ನೆಲಕ್ಕೋ ಮನುಷ್ಯನ ಮೈಗೋ ಸೋರತೊಡಗಿದರೆ, 30 ಮಿಲಿಆಂಪಿಯರ್ ಮೀರುವ ಮೊದಲೇ ಸಂಪರ್ಕವನ್ನು ಕಡಿಯುವ ರಕ್ಷಣಾ ಸಾಧನವು ಪ್ರತಿಯೊಂದು ಚಾರ್ಜಿಂಗ್ ಬಿಂದುವಿಗೂ ಇರಬೇಕು. ಕೇಂದ್ರವು ಚಾಲನೆಗೊಂಡ ಮೊದಲ ಮೂರು ವರ್ಷ ಪ್ರತಿ ವರ್ಷವೂ, ಆಮೇಲೆ ನಾಲ್ಕು ವರ್ಷಕ್ಕೊಮ್ಮೆಯೂ ಪರೀಕ್ಷೆ ನಡೆಯಬೇಕು. ಇವೆಲ್ಲವೂ ಕಾಗದದ ಮೇಲೆ ಚೆನ್ನಾಗಿಯೇ ಇವೆ. ಇವನ್ನು ನೆಲದ ಮೇಲೆ ತರುವವನು ಗುತ್ತಿಗೆದಾರ.

ಈಗ ನೆಲದ ಮಾತಿಗೆ ಬರುತ್ತೇನೆ. ಎಲ್ಲ ರಕ್ಷಣೆಯ ಅಡಿಪಾಯ ಅರ್ಥಿಂಗ್, ಎಂದರೆ ಭೂಸಂಪರ್ಕ. ನರಗುಂದ ಮತ್ತು ರೋಣದ ಎರೆಭೂಮಿಯನ್ನು ನೀವು ಬಲ್ಲಿರಿ. ಮಳೆಗಾಲದಲ್ಲಿ ಹಸಿಯಾಗಿ ಉಬ್ಬುವ ಅದೇ ಮಣ್ಣು ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿ ಎರೆಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಣಗಿ ಬಿರಿದಾಗ ಮಣ್ಣು ಅರ್ಥಿಂಗ್ ಕೊಳವೆಯಿಂದ ದೂರ ಸರಿದು ಸಂಪರ್ಕವೇ ತಪ್ಪುತ್ತದೆ. ಶ್ರಾವಣದಲ್ಲಿ ಅಳೆದು ಸರಿಯಾಗಿದೆಯೆಂದು ಬರೆದುಕೊಂಡ ಭೂಸಂಪರ್ಕವು ಚೈತ್ರದಲ್ಲಿ ನಂಬಿಕೆಗೆ ಯೋಗ್ಯವಾಗಿರದೆ ಹೋಗಬಹುದು. ಇತ್ತ ಗಜೇಂದ್ರಗಡದ ಗುಡ್ಡದ ಅಂಚಿನಲ್ಲಿ ನಾಲ್ಕು ಅಡಿ ಅಗೆದರೆ ಕಲ್ಲು. ಅಲ್ಲಿ ಒಂದು ಗುಂಡಿಯ ಅರ್ಥಿಂಗ್ ಸಾಲದೆ ಹಲವನ್ನು ಜೋಡಿಸಬೇಕಾಗುತ್ತದೆ. ಎತ್ತರದ ಜಾಗವಾದ್ದರಿಂದ ಸಿಡಿಲಿನ ರಕ್ಷಣೆಯ ವಿಚಾರವೂ ಇದೆ. ಮೂವತ್ತು ನಲವತ್ತು ಕಿಲೋಮೀಟರಿನೊಳಗೆ ನೆಲದ ಗುಣವು ಹೀಗೆ ಬದಲಾಗುವಾಗ, ಎಲ್ಲ ಊರಿಗೂ ಒಂದೇ ನಕ್ಷೆಯನ್ನು ಹಿಡಿದುಕೊಂಡು ಬರುವ ಗುತ್ತಿಗೆದಾರನಿಂದ ಕೆಲಸ ಕೆಡುತ್ತದೆ.

ಪರವಾನಗಿಗೆ ತಾಲ್ಲೂಕಿನ ಗಡಿ ಇಲ್ಲ. ಬೆಂಗಳೂರಿನ ಗುತ್ತಿಗೆದಾರನು ಇಲ್ಲಿಗೆ ಬಂದು ಕೆಲಸ ಮಾಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅದು ತಪ್ಪೂ ಅಲ್ಲ. ಆದರೆ ಸೇವೆಗೆ ಗಡಿಯಿದೆ. ನರಗುಂದದಿಂದ ಹುಬ್ಬಳ್ಳಿಗೆ ಸುಮಾರು 55 ಕಿಲೋಮೀಟರ್. ಗಜೇಂದ್ರಗಡದಿಂದಾದರೆ 100 ಕಿಲೋಮೀಟರಿಗೂ ಹೆಚ್ಚು. ರಕ್ಷಣಾ ಸಾಧನವು ಪದೇ ಪದೇ ಬೀಳುತ್ತಿದೆ ಎಂದಾಗ ಅಷ್ಟು ದೂರದಿಂದ ಯಾರೂ ಅದೇ ದಿನ ಬರುವುದಿಲ್ಲ. ಆಗ ಏನಾಗುತ್ತದೆ? ಊರಿನ ಯಾರೋ ಜಾಣ ಹುಡುಗ ಬಂದು ಆ ಸಾಧನವನ್ನೇ ತಪ್ಪಿಸಿ ತಂತಿಯನ್ನು ನೇರ ಜೋಡಿಸುತ್ತಾನೆ. ಯಂತ್ರ ಓಡುತ್ತದೆ, ಎಲ್ಲರೂ ಭೇಷ್ ಎನ್ನುತ್ತಾರೆ, ಜೀವಕ್ಕಿದ್ದ ಕಾವಲು ಮಾತ್ರ ಹೋಗಿರುತ್ತದೆ. ಕಾಗದದಲ್ಲಿ ಸಹಿ ಒಬ್ಬರದು, ತಂತಿಯ ಮೇಲೆ ಕೈ ಇನ್ನೊಬ್ಬರದು ಎಂಬ ಪದ್ಧತಿಯೇ ಅಪಾಯದ ಮೂಲ. ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಕೈಚಳಕವಿದೆ, ಪರವಾನಗಿ ಇಲ್ಲ. ಅದನ್ನು ದೊರಕಿಸಿಕೊಡುವ ದಾರಿಯನ್ನು ನಾವು ತೋರಿಸಿಲ್ಲ.

ಯೋಜನೆ ಬಂದು ಹೊಣೆಗಾರಿಕೆ ಬಾರದಿದ್ದರೆ ಏನಾಗುತ್ತದೆಂಬುದನ್ನು ಈ ನೆಲಕ್ಕೆ ಹೊರಗಿನವರು ಕಲಿಸಬೇಕಿಲ್ಲ. ಮಲಪ್ರಭಾ ಕಾಲುವೆ ಬಂದಿತು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರದ ನೋಟೀಸು ಬಂದಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ಗೋಲಿಬಾರು ನಾಡಿನ ರೈತ ಚಳವಳಿಯ ಇತಿಹಾಸವನ್ನೇ ತಿರುಗಿಸಿತು. ಯಂತ್ರವನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋಗುವವರನ್ನು ನಂಬಿ ಕೂರಬಾರದೆಂಬ ಪಾಠ ಅಲ್ಲಿದೆ.

ಹಾಗಾದರೆ ದಾರಿ ಯಾವುದು? ಅದಕ್ಕೂ ನಾವು ದೂರ ಹೋಗಬೇಕಿಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಪತ್ತಿನ ಸಂಘವೆಂದು ಹೆಸರಾದದ್ದು ಹುಟ್ಟಿದ್ದು 1905ರಲ್ಲಿ, ಗದಗಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿದ್ಯುತ್ ವಿತರಣೆಯ ಹೊಣೆಯನ್ನೇ ಹೊತ್ತುಕೊಂಡಿತು. ವಿದ್ಯುತ್ತನ್ನೇ ಹಂಚುವಷ್ಟು ಸಾಮರ್ಥ್ಯ ಹಳ್ಳಿಗರ ಸಂಘಕ್ಕೆ ಇದೆಯೆಂದಾದರೆ ಒಂದು ಚಾರ್ಜಿಂಗ್ ಕೇಂದ್ರವನ್ನು ನಡೆಸುವುದು ಅಸಾಧ್ಯವೇ?

ನನ್ನ ವಿನಂತಿಗಳು ನಾಲ್ಕು. ಮೊದಲನೆಯದಾಗಿ, ಪಂಚಾಯಿತಿಯ ಅಥವಾ ಸಂಘದ ಜಾಗದಲ್ಲಿ ಕೇಂದ್ರಕ್ಕೆ ಅವಕಾಶ ಕೊಡುವಾಗ ಗುತ್ತಿಗೆದಾರರ ಪರವಾನಗಿಯ ಸಂಖ್ಯೆ, ಅದರ ಅವಧಿ, ಮೇಲ್ವಿಚಾರಕರ ಹೆಸರು ಫಲಕದ ಮೇಲೆ ಇರಲೇಬೇಕೆಂಬ ಷರತ್ತು ಹಾಕಿ. ಎರಡನೆಯದಾಗಿ, ದುರಸ್ತಿಗೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಯಾವ ಊರಿನಿಂದ ಬರುತ್ತಾರೆ ಎಂಬುದನ್ನು ಕರಾರಿನಲ್ಲಿ ಬರೆಸಿ. ಸೇವಾ ವ್ಯಾಪ್ತಿ ಎಂದರೆ ಇದೇ. ಮೂರನೆಯದಾಗಿ, ಭೂಸಂಪರ್ಕವನ್ನು ಬೇಸಿಗೆಯಲ್ಲಿ, ನೆಲ ಬಿರಿದಿರುವಾಗಲೇ ಅಳೆಯಿಸಿ, ಆ ಅಂಕಿಯನ್ನು ಎಲ್ಲರಿಗೂ ಕಾಣುವಂತೆ ಬರೆಯಿಸಿ. ನಾಲ್ಕನೆಯದಾಗಿ, ಐ.ಟಿ.ಐ. ಮತ್ತು ಡಿಪ್ಲೊಮಾ ಓದಿದ ನಮ್ಮ ಮಕ್ಕಳು ವೈರ್‌ಮನ್, ಮೇಲ್ವಿಚಾರಕ ಪರವಾನಗಿಗಳನ್ನು ಪಡೆಯುವಂತೆ, ಮುಂದೆ ಕೆಲವರು ಕೂಡಿ ಗುತ್ತಿಗೆದಾರರೇ ಆಗುವಂತೆ ಸಂಘಗಳು ನೆರವಾಗಲಿ. ತಾಲ್ಲೂಕಿಗೆ ಅಂತಹ ಒಂದು ತಂಡವಿದ್ದರೆ ಚಾರ್ಜಿಂಗ್ ಕೇಂದ್ರದ ಜೊತೆಗೆ ಶಾಲೆಯ, ದವಾಖಾನೆಯ, ಹೊಲದ ವೈರಿಂಗೂ ಸುರಕ್ಷಿತವಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಪರಿಸರದ ಕೆಲಸವೆಂದರೆ ಗಿಡ ನೆಡುವುದು, ಮೆರವಣಿಗೆ ಹೋಗುವುದು ಎಂದು ನೀವು ಭಾವಿಸಿರಬಹುದು. ಅವೂ ಬೇಕು. ಟೆಸ್ಟರು, ಇಕ್ಕಳ ಹಿಡಿದು, ಪರವಾನಗಿಯನ್ನು ಕಿಸೆಯಲ್ಲಿಟ್ಟುಕೊಂಡು, ನಿಯಮ ಬಿಟ್ಟು ಒಂದು ಮೊಳೆಯನ್ನೂ ಹೊಡೆಯದ ವೈರ್‌ಮನ್ ಮಾಡುವುದೂ ಪರಿಸರದ ಕೆಲಸವೇ. ಹೊಸ ವಾಹನದಿಂದ ಒಂದು ಊರಿನಲ್ಲಿ ಒಬ್ಬರಿಗೆ ಶಾಕ್ ಹೊಡೆದರೂ ಸಾಕು, ಹತ್ತು ಊರಿನವರು ಪೆಟ್ರೋಲಿಗೇ ಮರಳುತ್ತಾರೆ. ಹೊಗೆಯಿಲ್ಲದ ರಸ್ತೆಯ ಕನಸು ಕೊನೆಗೆ ನಿಂತಿರುವುದು ಆ ಕೈಗಳ ಪ್ರಾಮಾಣಿಕತೆಯ ಮೇಲೆ. ಆ ಕೈಗಳು ಈ ಮೂರು ತಾಲ್ಲೂಕಿನವೇ ಆಗಲಿ ಎಂದು ಹಾರೈಸುತ್ತೇನೆ.