ಮುಂಬೈ ತಂತಿ ಕಲಿಸಿದ ಪಾಠ



ನಾನು ಪ್ರೆಸ್ ನಡೆಸುವವನು, ಪಿಯುಸಿವರೆಗೆ ಓದಿದವನು. ಪ್ರೆಸ್ಸಿಗೆ ಸಿಂಗಲ್ ಫೇಸ್ ಕರೆಂಟು ಹಾಕಿಸಿ, ಆಮೇಲೆ ತ್ರೀ ಫೇಸ್ ಮಿಷನ್ನು ತಂದರೆ ಅದು ಮೂಲೆ ಸೇರುತ್ತದೆ. ರೈಲಿನಲ್ಲೂ ಹೀಗೇ ಆಗಿದೆ, ಕೇಳಿ.

1925ರ ಫೆಬ್ರವರಿ 3ರಂದು ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ತಂತಿಯಲ್ಲಿ 1500 ವೋಲ್ಟ್ ಡಿ.ಸಿ. ಕರೆಂಟು. ಹೊಗೆಯಿಲ್ಲ, ನಿಂತಲ್ಲಿಂದ ಬೇಗ ವೇಗ ಹಿಡಿಯುತ್ತದೆ. ಲೋಕಲ್ ರೈಲಿನವರಿಗೆ ಹಬ್ಬ! ಅದೇ ತಂತಿ ಪುಣೆ, ಇಗತ್‌ಪುರಿಗಳಿಗೂ ಹೋಯಿತು.

ಆದರೆ 1957ರಲ್ಲಿ ರೈಲ್ವೆ ಇಲಾಖೆ ಮುಂದಿನ ಮಾರ್ಗಗಳಿಗೆ 25,000 ವೋಲ್ಟ್ ಎ.ಸಿ. ಆರಿಸಿಕೊಂಡಿತು. ಹೊಸ ಎಂಜಿನ್ ಮುಂಬೈ ತಂತಿಯಡಿ ಓಡದು, ಮುಂಬೈ ಎಂಜಿನ್ ಹೊರಗೆ ಓಡದು! ದೂರದ ರೈಲುಗಳು ನಡುದಾರಿಯಲ್ಲಿ ನಿಂತು ಎಂಜಿನ್ ಬದಲಿಸಬೇಕಾಯಿತು. 1970ರ ದಶಕದಲ್ಲಿ ಎರಡೂ ಕರೆಂಟಿಗೆ ಓಡುವ ಎಂಜಿನ್ನನ್ನೇ ಕಟ್ಟಬೇಕಾಯಿತು. ಮುಂಬೈ ಲೋಕಲ್‌ಗಳಿಂದ ಡಿ.ಸಿ. ಪೂರ್ತಿ ಮರೆಯಾದದ್ದು 2016ರಲ್ಲಿ.

1925ರವರನ್ನು ಬೈಯಬೇಡಿ. ಅಂದಿಗೆ ಅದೇ ಒಳ್ಳೆಯ ವಿದ್ಯೆ. ಆದರೆ ಊರೊಳಗಿನ ರೈಲಿಗೆ ಮಾಡಿದ ತೀರ್ಮಾನ ದೂರದ ರೈಲನ್ನೂ ಕಟ್ಟಿಹಾಕುತ್ತದೆ, ನೆನಪಿಡಿ.

ನಮ್ಮ ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲಿಗೆ 2022ರಲ್ಲಿ ಅಡಿಗಲ್ಲು ಬಿತ್ತು. ಇಲ್ಲಿ ನಾವು ಕೇಳಬೇಕಾದದ್ದು ಕರೆಂಟಿನ ಪ್ರಶ್ನೆಯಲ್ಲ, ಜಾಗದ ಪ್ರಶ್ನೆ. ಇದರ ಹಳಿ, ಕಂಬಗಳು ಬಂದ ಮೇಲೆ ಹುಬ್ಬಳ್ಳಿ, ಮೈಸೂರು, ಕಲಬುರಗಿ ರೈಲುಗಳಿಗೆ ನಾಳೆ ಇನ್ನೆರಡು ಹಳಿ ಬೇಕೆಂದರೆ ಜಾಗ ಉಳಿದಿರುತ್ತದೆಯೇ?

ಕಂಬ ನೆಟ್ಟ ಮೇಲೆ ಕೇಳಿದರೆ ಮುಂಬೈಯಂತೆ ತಲೆಮಾರುಗಟ್ಟಲೆ ಕಾಯಬೇಕು. ಈಗಲೇ ಕೇಳಿ. ನಕ್ಷೆಯನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಿ.