ಹಳೇ ಕಾರು, ಎಂಜಿನ್ನಿನ ಕಾಯಿಲೆ



ಇವತ್ತು ಹಳೇ ಕಾರಿನ ವಿಷಯ ಮಾತಾಡೋಣ. ಕಾರು ಗಂಡಸರ ವಿಷಯ, ನಮಗ್ಯಾಕೆ ಅನ್ನಬೇಡಿ. ಕಾರಿಗೆ ದುಡ್ಡು ಎಲ್ಲಿಂದ ಬರುತ್ತೆ? ಸಂಘದ ಸಾಲದಿಂದ ಬರುತ್ತೆ. ನಮ್ಮ ಓಲೆ, ಸರ ಅಡ ಇಟ್ಟು ಬರುತ್ತೆ. ರೇಷ್ಮೆ ಗೂಡು ಮಾರಿ ಬರುತ್ತೆ. ಸಾಲದ ಕಾಗದಕ್ಕೆ ರುಜು ಹಾಕೋರು ನಾವು. ಅಂದ ಮೇಲೆ ಎಂಜಿನ್ನು ನಮ್ಮ ವಿಷಯವೇ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಾದರೂ ಕತೆ ಒಂದೇ. ಬಾಡಿಗೆ ಓಡಿಸ್ತೀನಿ ಅಂತ ಮಗ ಹಳೇ ಕಾರು ತರ್ತಾನೆ. ಪೂಜೆ ಮಾಡಿ, ನಿಂಬೆಹಣ್ಣು ಕಟ್ಟಿ ಆಗಿರುತ್ತೆ. ಆಮೇಲೆ ಪಕ್ಕದ ಮನೆಯವರು ಬಂದು, "ಈ ಗಾಡಿ ಆಯಿಲ್ ಕುಡಿಯುತ್ತೆ ಕಣಮ್ಮ, ಎಲ್ಲರಿಗೂ ಗೊತ್ತು" ಅಂತಾರೆ. ಅವತ್ತಿಂದ ತಾಯಿಗೆ ನಿದ್ದೆ ಇಲ್ಲ. ಗಾಡಿ ಎಲ್ಲಿ ನಿಂತು ಹೋಯ್ತೋ, ಈ ತಿಂಗಳ ಕಂತು ಹೇಗೋ!

ಆಯಿಲ್ ಕುಡಿಯುತ್ತೆ, ಸರಿ. ಎಷ್ಟು ಕುಡಿಯುತ್ತೆ? ಅದನ್ನು ಅಳೆಯಬಹುದು.

ಎಂಜಿನ್ ಒಳಗೆ ಪಿಸ್ಟನ್ ಅಂತ ಇರುತ್ತೆ. ಅದು ಕೊಳವೆಯೊಳಗೆ ಮೇಲೆ ಕೆಳಗೆ ಓಡಾಡುತ್ತೆ. ಅದರ ಸುತ್ತ ನಮ್ಮ ಕೈಬಳೆ ಹಾಗೆ ರಿಂಗುಗಳಿರುತ್ತವೆ. ಆ ಬಳೆ ಸವೆದರೆ ಕೆಳಗಿನ ಆಯಿಲ್ ಮೇಲೆ ಬರುತ್ತೆ. ಪೆಟ್ರೋಲ್ ಅಥವಾ ಡೀಸೆಲ್ ಜೊತೆ ಸೇರಿ ಉರಿದು ಹೋಗುತ್ತೆ. ಹಿಂದಿನ ಪೈಪಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ ಅಂತ ತಿಳಿಯಿರಿ. ಆಯಿಲ್ ತೀರಾ ಕಡಿಮೆ ಆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ ಸೀಜ್ ಆಗುತ್ತೆ. ಆಗ ಖರ್ಚು ದೊಡ್ಡದು.

ಅದಕ್ಕೆ ಒಂದು ನೋಟ್‌ಬುಕ್ ಇಡಿ. ಮಕ್ಕಳ ಹಳೇ ನೋಟ್‌ಬುಕ್ ಆದರೂ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಗಾಡಿ ಸಮ ನೆಲದಲ್ಲಿ ನಿಂತಿರುವಾಗ ಬಾನೆಟ್ ಎತ್ತಿಸಿ. ಆಯಿಲ್ ನೋಡುವ ಉದ್ದ ಕಡ್ಡಿ ಇರುತ್ತೆ. ಎಳೆದು, ಬಟ್ಟೆಯಿಂದ ಒರೆಸಿ. ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆಯಿರಿ. ಕಡ್ಡಿ ಮೇಲೆ ಎರಡು ಗುರುತು ಇವೆ. ಆಯಿಲ್ ಆ ಎರಡರ ನಡುವೆ ಇರಬೇಕು. ಪುಸ್ತಕದಲ್ಲಿ ಇಷ್ಟು ಬರೆಯಿರಿ: ತಾರೀಕು, ಮೀಟರಿನಲ್ಲಿರುವ ಕಿಲೋಮೀಟರ್, ಹಾಕಿದ ಆಯಿಲ್.

1,000 ಕಿಲೋಮೀಟರಿಗೆ ಕಾಲು ಲೀಟರ್ ಇಳಿದರೆ ಹಳೇ ಗಾಡಿ ತಡೆಯುತ್ತೆ. ಸುರಿಯುತ್ತಾ ಓಡಿಸಬಹುದು. ಒಂದು ಲೀಟರೋ ಅದಕ್ಕಿಂತ ಜಾಸ್ತಿಯೋ ಇಳಿದರೆ ಮೆಕ್ಯಾನಿಕ್ ಹತ್ತಿರ ಹೋಗಲೇಬೇಕು. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ. ಲೆಕ್ಕ ಬರೆದಿಟ್ಟವರ ಮುಂದೆ ಯಾರೂ ಬಾಯಿಗೆ ಬಂದದ್ದು ಹೇಳೋದಿಲ್ಲ.

ಇನ್ನೊಂದು ಕಾಯಿಲೆ ಇದೆ. ರೇಡಿಯೇಟರಿನಲ್ಲಿ ನೀರು ಪದೇ ಪದೇ ಕಡಿಮೆ ಆಗುತ್ತೆ, ಎಂಜಿನ್ ಕಾಯುತ್ತೆ. ಕೆಳಗೆಲ್ಲೂ ನೀರು ಸೋರೋದು ಕಾಣೋದಿಲ್ಲ. ಬಿಳಿ ಹೊಗೆ ನಿಲ್ಲೋದೇ ಇಲ್ಲ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನೋದು ಇದನ್ನೇ. ಆ ಗಾಡಿ ಓಡಿಸಬೇಡಿ. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಯಾರೂ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತೆ.

ಇನ್ನೂ ಕಾರು ತಂದಿಲ್ಲವಾ? ಹಾಗಾದರೆ ಇನ್ನೂ ಒಳ್ಳೇದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಕಟ್ತಾರಾ? ನಾವೂ ಹಾಗೇ ಮಾಡಬೇಕು. ನೋಡೋಕೆ ಹೋದಾಗ ಮೊದಲು ಬಾನೆಟ್ ಮುಟ್ಟಿ. ಬಿಸಿ ಇದ್ದರೆ, ಮಾರೋನು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಲೇ ನಿಜ ಗೊತ್ತಾಗೋದು. ನಾಳೆ ಬರ್ತೀವಿ, ತಣ್ಣಗೆ ಇಟ್ಟಿರಪ್ಪ ಅಂತ ಹೇಳಿ ಬನ್ನಿ. ದಪ್ಪ ಆಯಿಲ್ ಸುರಿದು ಎರಡು ದಿನ ಹೊಗೆ ಮುಚ್ಚೋರೂ ಇದ್ದಾರೆ. ಹೊಸ ಬಣ್ಣಕ್ಕೂ ಮರುಳಾಗಬೇಡಿ. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ ಹಚ್ಚಿದ ಮೇಲೆ ಮರದ ಬಿರುಕು ಕಾಣುತ್ತಾ? ನಿಮಗೆ ನಂಬಿಕೆ ಇರುವ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗಿ. ಮಾರೋನ ಮೆಕ್ಯಾನಿಕ್ ಬೇಡ.

ಕೆಲವು ಸಲ ತಪ್ಪು ಕಂಪನಿಯದ್ದೇ ಇರುತ್ತೆ. 2013ರ ಜುಲೈ ತಿಂಗಳಲ್ಲಿ ಜನರಲ್ ಮೋಟಾರ್ಸ್ ಇಂಡಿಯಾ ಕಂಪನಿ 1 ಲಕ್ಷ 14 ಸಾವಿರ ಟವೇರಾ ಗಾಡಿಗಳನ್ನು ವಾಪಸ್ ಕರೆಸಿತು. ಅವು 2005ರಿಂದ 2013ರವರೆಗೆ ತಯಾರಾದವು. ಅವುಗಳ ಹೊಗೆ ಸರ್ಕಾರದ ನಿಯಮಕ್ಕೆ ಹೊಂದುತ್ತಿರಲಿಲ್ಲ. 2017ರ ಕೊನೆಗೆ ಆ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಅಂಗಡಿ ಮುಚ್ಚಿದ ಕಂಪನಿಯ ಗಾಡಿ ಕೊಳ್ಳುವ ಮುಂಚೆ, ಬಿಡಿ ಭಾಗ ಸಿಗುತ್ತಾ ಅಂತ ಕೇಳಿ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಬಂತು. ದೋಷ ಇರುವ ಗಾಡಿಗಳನ್ನು ವಾಪಸ್ ಕರೆಸಿ ಅಂತ ಕಂಪನಿಗೆ ಹೇಳುವ ಅಧಿಕಾರ ಈಗ ಕೇಂದ್ರ ಸರ್ಕಾರಕ್ಕೆ ಇದೆ.

ನಿಮ್ಮ ಗಾಡಿ ಅಂಥ ಪಟ್ಟಿಯಲ್ಲಿದೆಯಾ ಅಂತ ಕಂಪನಿಯ ಷೋರೂಮಿನಲ್ಲಿ ಕೇಳಿ. ಚಾಸಿ ನಂಬರು ಹೇಳಿದರೆ ನೋಡಿ ಹೇಳ್ತಾರೆ. ಈಚಿನ ಕಾರುಗಳಲ್ಲಿ ಅದು ಒಟ್ಟು 17 ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಗಾಡಿ ಮೇಲೆ ಕೆತ್ತಿರುತ್ತೆ, ಆರ್.ಸಿ. ಕಾರ್ಡಿನಲ್ಲೂ ಇರುತ್ತೆ. ಎರಡನ್ನೂ ಹೋಲಿಸಿ. ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ರಂಗೋಲಿ ಚುಕ್ಕಿ ಹಾಗೆ ಒಂದೊಂದೇ ಆಕಾರ ನೋಡ್ತಾ ಹೋಗಿ. ಒಂದು ಬೇರೆ ಇದ್ದರೂ ದುಡ್ಡು ಕೊಡಬೇಡಿ.

ಎಂಜಿನ್ನಿನ ಕಾಯಿಲೆ ಗೊತ್ತಿದ್ದೂ ಕೊಳ್ಳೋದಾದರೆ, ಅದರ ರಿಪೇರಿ ಖರ್ಚು ಎಷ್ಟು ಅಂತ ಮೆಕ್ಯಾನಿಕ್ ಹತ್ತಿರ ಬರೆಸಿಕೊಳ್ಳಿ. ಅಷ್ಟನ್ನು ಬೆಲೆಯಲ್ಲಿ ಇಳಿಸಿ ಅಂತ ಗಟ್ಟಿಯಾಗಿ ಕೇಳಿ. "ಎಂಜಿನ್ ಚೆನ್ನಾಗಿದೆ, ಏನೂ ಆಗಲ್ಲ" ಅಂತ ಮಾರೋನು ಹೇಳಿದರೆ, ಅದನ್ನೂ ಕರಾರು ಪತ್ರದಲ್ಲಿ ಬರೆದುಕೊಡಪ್ಪ ಅನ್ನಿ. ಬರೆಯೋಕೆ ಹಿಂದೆ ಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕ ಹಾಗೇ. ಕಾರು ಮಾರೋದೇ ವ್ಯಾಪಾರ ಮಾಡಿಕೊಂಡವರು ದೋಷ ಮುಚ್ಚಿಟ್ಟು ಮಾರಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ಅಲ್ಲಿ ಕರಾರು ಪತ್ರ, ರಸೀದಿ, ನಿಮ್ಮ ಆಯಿಲ್ ನೋಟ್‌ಬುಕ್ ಎಲ್ಲಾ ಬೇಕಾಗುತ್ತೆ. ಕರಾರು ಪತ್ರವನ್ನು ನೀವೇ ಓದಿ. ಒಂದು ಸಾಲು ತಿಳಿಯದಿದ್ದರೂ ರುಜು ಹಾಕದೆ ಮನೆಗೆ ತನ್ನಿ, ಮಕ್ಕಳ ಹತ್ತಿರ ಓದಿಸಿ. ಕಾರು ಒಂದು ದಿನ ತಡವಾಗಿ ಬಂದರೂ ಪರವಾಗಿಲ್ಲ.