ಶಾಲೆಯ ಕಟ್ಟಡವನ್ನಲ್ಲ, ತರಗತಿಯನ್ನು ನೋಡಿ



ಮಗುವಿಗೆ ಶಾಲೆಯನ್ನು ಆರಿಸುವಾಗ ನಾವು ಕಟ್ಟಡದ ಎತ್ತರವನ್ನೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಫಲಕವನ್ನೂ ನೋಡುತ್ತೇವೆ. ಆದರೆ ಆರು ವರ್ಷದ ಮಗುವಿಗೆ ಬೇಕಾಗಿರುವುದು ತನ್ನನ್ನು ಹೆಸರು ಹಿಡಿದು ಕರೆಯುವ, ತಾನೇಕೆ ಮೌನವಾಗಿದ್ದೇನೆಂದು ವಿಚಾರಿಸುವ ಶಿಕ್ಷಕಿ. ಅರುವತ್ತು ಮಕ್ಕಳ ತರಗತಿಯಲ್ಲಿ ಅದು ಸಾಧ್ಯವೇ?

2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ವಿಧಿಸಿದೆ. ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ, ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಸಂದರ್ಶಿಸುವುದನ್ನೂ ನಿಷೇಧಿಸಿದೆ. ಆದರೆ 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳನ್ನು ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿರಿಸಿತು. ಆದ್ದರಿಂದ ‘ನಮ್ಮವರದೇ ಶಾಲೆ’ ಎಂಬ ಭರವಸೆಯೊಂದೇ ಸಾಲದು. ಅಲ್ಲಿ ಕಾನೂನು ಕೇಳದ ಪ್ರಶ್ನೆಯನ್ನು ಹೆತ್ತವರೇ ಕೇಳಬೇಕು.

ಸಣ್ಣ ಶಾಲೆಗಳೆಲ್ಲವೂ ಒಳ್ಳೆಯವೆಂದು ನಾನು ಹೇಳುತ್ತಿಲ್ಲ. ಶಾಲೆಗೆ ಮಾನ್ಯತೆಯಿದೆಯೇ? ಶಿಕ್ಷಕರು ತರಬೇತಿ ಪಡೆದವರೇ? ವರ್ಷ ವರ್ಷವೂ ಅವರು ಬಿಟ್ಟು ಹೋಗುತ್ತಿದ್ದರೆ ಅವರಿಗೆ ಸಿಗುವ ಸಂಬಳವೆಷ್ಟೆಂದು ವಿಚಾರಿಸಿ. ಕಲಿಕೆಯಲ್ಲಿ ಹಿಂದುಳಿದ ಮಗುವಿಗಾಗಿ ಏನು ಮಾಡುತ್ತೀರೆಂದು ಕೇಳಿ. ಸಾಧ್ಯವಾದರೆ ಸ್ವಲ್ಪ ಹೊತ್ತು ತರಗತಿಯ ಹೊರಗೆ ನಿಂತು ಆಲಿಸಿ. ಶಿಕ್ಷಕಿಯ ಧ್ವನಿ ಮಾತ್ರ ಕೇಳಿಸುತ್ತದೋ, ಮಕ್ಕಳ ಪ್ರಶ್ನೆಗಳೂ ಕೇಳಿಸುತ್ತವೋ?

ಕೊನೆಯದಾಗಿ ಒಂದು ವಿನಂತಿ. ಶಾಲೆಯನ್ನು ಆರಿಸುವಾಗ ಮಗನಿಗೊಂದು, ಮಗಳಿಗೊಂದು ಅಳತೆಗೋಲು ಬೇಡ.